ಸೈಕಲ್ ಹಾರಿತು, ಬ್ಯಾಟರಿ ಉಳಿಯಿತು

ನೊಯ್ಡಾದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಆರು ತಿಂಗಳಿಂದ ಒಂದು ಎಲೆಕ್ಟ್ರಿಕ್ ಸೈಕಲ್ ಸುಮ್ಮನೆ ನಿಂತಿತ್ತು. ಮೆಟ್ರೊ ನಿಲ್ದಾಣದಿಂದ ಆಫೀಸಿಗೆ ಹೋಗಿಬರಲು ಕೊಂಡದ್ದು. ಆಫೀಸು ಬೇರೆ ಕಡೆಗೆ ಸ್ಥಳಾಂತರವಾದ ಮೇಲೆ ಅದರ ಹ್ಯಾಂಡಲ್ಲು ಮಗಳ ಯೂನಿಫಾರ್ಮ್ ಒಣಹಾಕುವ ಜಾಗವಾಗಿತ್ತು.

ಅದೇ ಹೊತ್ತಿಗೆ ಪುತ್ತೂರಿನ ಕಡೆಯ ನಮ್ಮ ಊರಿನಲ್ಲಿ ಅಪ್ಪ ಸೈಕಲ್ ಬಿಟ್ಟಿದ್ದರು. ಅವರು ಪ್ರಾಥಮಿಕ ಶಾಲೆಯ ನಿವೃತ್ತ ಮೇಷ್ಟ್ರು, ಈಗ ಎಪ್ಪತ್ತೊಂದು ವರ್ಷ. ಮನೆಯಿಂದ ಹಾಲಿನ ಸೊಸೈಟಿಗೆ ಮೂರು ಕಿಲೊಮೀಟರ್. ನಡುವೆ ಎರಡು ಏರು. ಮೊದಲು ಎಡ ಮೊಣಕಾಲು ನೋಯುತ್ತದೆ ಎಂದು ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಕಳೆದ ಮಳೆಗಾಲದ ನಂತರ ಅದೂ ನಿಂತಿತು. ಹಾಲಿನ ಕ್ಯಾನ್ ಪಕ್ಕದ ಮನೆಯ ಹುಡುಗನ ಬೈಕಿನಲ್ಲಿ ಹೋಗತೊಡಗಿತು. "ಹಾಲು ಹೋಗ್ತದೆ, ಅದು ತೊಂದರೆ ಇಲ್ಲ. ಅಪ್ಪ ಮಾತಾಡುವುದೇ ಕಡಿಮೆ ಮಾಡಿದ್ದಾರೆ," ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಸೊಸೈಟಿಗೆ ಹೋಗುವುದೆಂದರೆ ಬರೀ ಹಾಲು ಹಾಕುವುದಲ್ಲವಲ್ಲ. ಅಲ್ಲಿನ ಬೆಂಚು, ಪೇಪರು, ಅಡಿಕೆಯ ರೇಟು, ಹಳೆಯ ಶಿಷ್ಯರು ಎಲ್ಲವೂ ಅದರಲ್ಲಿ ಸೇರಿವೆ.

ಮೂಳೆ ಡಾಕ್ಟರು ಸೈಕಲ್ ಬೇಡ ಎಂದಿರಲಿಲ್ಲ. ಸಮತಟ್ಟಿನಲ್ಲಿ ತುಳಿಯಿರಿ, ಏರಿನಲ್ಲಿ ಮೊಣಕಾಲಿಗೆ ಒತ್ತಡ ಹಾಕಬೇಡಿ ಎಂದಿದ್ದರು ಅಷ್ಟೆ. ಸಮತಟ್ಟು ಎಂಬುದು ನಮ್ಮ ಊರಿನಲ್ಲಿ ಇರುವುದು ಶಾಲೆಯ ಮೈದಾನದಲ್ಲಿ ಮಾತ್ರ. ಸ್ಕೂಟರ್ ಕೊಡಿಸುತ್ತೇನೆ ಎಂದರೆ, "ಈ ಪ್ರಾಯದಲ್ಲಿ ಲೈಸೆನ್ಸಿಗೆ ಹೋಗಿ ಎಂಟು ಬರೆಯುವುದಾ?" ಎಂಬ ಪ್ರಶ್ನೆ. 250 ವ್ಯಾಟ್‌ಗಿಂತ ಹೆಚ್ಚಿಲ್ಲದ ಮೋಟರ್ ಇದ್ದು, 25 ಕಿಲೊಮೀಟರ್ ವೇಗ ಮುಟ್ಟಿದೊಡನೆ ಅದು ನಿಲ್ಲುವಂತಿದ್ದರೆ ಅಂಥ ಸೈಕಲ್‌ಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ನನ್ನ ಸೈಕಲ್ ಆ ಜಾತಿಯದ್ದು. ಹೊಸತು ಕೊಡಿಸಿದರೆ ಅಪ್ಪ ಮುಟ್ಟುವುದಿಲ್ಲ ಎಂಬುದು ಗೊತ್ತಿತ್ತು. ಹಳೆಯದು, ಇಲ್ಲಿ ಹಾಳಾಗುತ್ತಿದೆ ಎಂದರೆ ಮಾತ್ರ ಒಪ್ಪುತ್ತಾರೆ. ನಿಜಾಮುದ್ದೀನ್‌ನಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ಹೋಗಲು ಎರಡು ದಿನ, ಬರಲು ಎರಡು ದಿನ. ನನಗೆ ಸಿಕ್ಕಿದ್ದ ರಜೆ ಆರು ದಿನ. ಹಾಗಾಗಿ ಬೆಂಗಳೂರಿನಲ್ಲಿ ಬದಲಿಸಿ ಮಂಗಳೂರಿಗೆ ಹೋಗುವ ವಿಮಾನದ ಟಿಕೆಟ್ ತೆಗೆದೆ. ಸೈಕಲ್ಲನ್ನು ಡಬ್ಬಕ್ಕೆ ತುಂಬಿ ಜೊತೆಗೇ ಒಯ್ದರಾಯಿತು ಎಂದುಕೊಂಡೆ.

ವಿಮಾನ ಸಂಸ್ಥೆಯ ನಿಯಮ ಓದುತ್ತ ಹೋದಾಗ ಸೈಕಲ್ಲಿಗೆ ಅಡ್ಡಿ ಕಾಣಲಿಲ್ಲ. ಅಡ್ಡಿ ಇದ್ದದ್ದು ಬ್ಯಾಟರಿಗೆ. ಪ್ರಯಾಣಿಕರ ಲಿಥಿಯಂ ಬ್ಯಾಟರಿಗಳ ಲೆಕ್ಕವೆಲ್ಲ ವ್ಯಾಟ್-ಅವರ್‌ನಲ್ಲಿ. 100 ವ್ಯಾಟ್-ಅವರ್ ತನಕ ಕೇಳದೆ ಒಯ್ಯಬಹುದು. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಬಿಡಿ ಬ್ಯಾಟರಿಯಾದರೆ ಒಬ್ಬರಿಗೆ ಎರಡೇ. 160 ದಾಟಿದರೆ ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಸಾಮಾನಿನಲ್ಲೂ ಇಲ್ಲ. ಇದು ಯಾವುದೋ ಒಂದು ಕಂಪನಿಯ ನಿಯಮವಲ್ಲ, ಜಗತ್ತಿನಾದ್ಯಂತ ಇರುವುದು.

ನನ್ನ ಬ್ಯಾಟರಿಯ ಮೇಲೆ 36 ವೋಲ್ಟ್, 10.4 ಆಂಪಿಯರ್-ಅವರ್ ಎಂದು ಅಚ್ಚಾಗಿತ್ತು. ಎರಡನ್ನೂ ಗುಣಿಸಿದರೆ 374 ವ್ಯಾಟ್-ಅವರ್. ಎಂಟೆಕ್ ಮಾಡಿದವನು ಈ ಗುಣಾಕಾರವನ್ನು ಟಿಕೆಟ್ ತೆಗೆಯುವ ಮೊದಲು ಮಾಡಬೇಕಿತ್ತು. ಒಂದು ಸಾಮಾನ್ಯ ಮೊಬೈಲಿನ ಬ್ಯಾಟರಿ ಸುಮಾರು 20 ವ್ಯಾಟ್-ಅವರ್. ನಮ್ಮ ಆಫೀಸಿನ ಲ್ಯಾಪ್‌ಟಾಪ್‌ನದ್ದು 56. ಇಪ್ಪತ್ತು ಸಾವಿರ ಎಂಎಎಚ್ ಎಂದು ದೊಡ್ಡದಾಗಿ ಬರೆದಿರುವ ಪವರ್ ಬ್ಯಾಂಕು ಕೂಡ 74 ಅಷ್ಟೆ (ಇಪ್ಪತ್ತು ಸಾವಿರವನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ). ಅಂದರೆ ಸೈಕಲ್ಲಿನ ಸೀಟಿನ ಕೆಳಗೆ ನಾನು ಆರೇಳು ಲ್ಯಾಪ್‌ಟಾಪಿನಷ್ಟು ಶಕ್ತಿ ಇಟ್ಟುಕೊಂಡು ಓಡಾಡುತ್ತಿದ್ದೆ. ಆ ಡಬ್ಬಿಯೊಳಗಿರುವುದು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ನಲವತ್ತು ಸೆಲ್‌ಗಳು.

ಹಾಗಾದರೆ ಸೈಕಲ್ ವಿಮಾನದಲ್ಲಿ, ಬ್ಯಾಟರಿ ಕೊರಿಯರಿನಲ್ಲಿ ಎಂದು ತೀರ್ಮಾನಿಸಿ, ಬ್ಯಾಟರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಸೆಕ್ಟರಿನ ಮಾರುಕಟ್ಟೆಯ ಒಂದು ಕೊರಿಯರ್ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಎತ್ತಿ ತೂಗಿದ. ಮೂರು ಕಿಲೊ. ಏನಿದು ಎಂದ. ಬ್ಯಾಟರಿ ಎಂದೆ.

"ಬ್ಯಾಟರಿ ಅಂತ ಬರೆದರೆ ವಾಪಸ್ ಬರುತ್ತೆ ಸರ್. ಸೈಕಲ್ ಪಾರ್ಟ್ಸ್ ಅಂತ ಬರೀರಿ. ಎಲ್ಲರೂ ಹಾಗೇ ಬರೆಯೋದು."

ಅವನು ಕೆಟ್ಟವನಲ್ಲ, ನನಗೆ ಸಹಾಯ ಮಾಡುತ್ತಿದ್ದ. ಅದು ಸುಳ್ಳೂ ಅಲ್ಲವಲ್ಲ, ಬ್ಯಾಟರಿ ಸೈಕಲ್ಲಿನ ಪಾರ್ಟೇ ತಾನೆ ಎಂದು ನನ್ನ ತಲೆ ಆಗಲೇ ವಾದ ಜೋಡಿಸಿಕೊಂಡಿತ್ತು. ಪೆನ್ನು ಕೈಯಲ್ಲಿತ್ತು. 'ಸೈಕಲ್' ಎಂದು ಬರೆದೂ ಆಗಿತ್ತು. ಎಷ್ಟು ದಿನ ಹಿಡಿಯುತ್ತದೆ ಎಂದು ಸುಮ್ಮನೆ ಕೇಳಿದೆ. "ಎಕ್ಸ್‌ಪ್ರೆಸ್ ಅಲ್ವಾ ಸರ್, ಮೂರು ದಿನ. ವಿಮಾನದಲ್ಲೇ ಹೋಗುತ್ತೆ."

ಯಾವ ವಿಮಾನದಲ್ಲಿ? ಎಕ್ಸ್‌ಪ್ರೆಸ್ ಪಾರ್ಸೆಲ್‌ಗಳೆಲ್ಲ ಸರಕು ವಿಮಾನದಲ್ಲೇ ಹೋಗುವುದಿಲ್ಲ. ಬಹಳಷ್ಟು ಹೋಗುವುದು ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ, ನಮ್ಮ ನಿಮ್ಮ ಸೂಟ್‌ಕೇಸಿನ ಪಕ್ಕದಲ್ಲಿ. ಕೈಚೀಲದಲ್ಲಿ ಬೇಡ ಎಂದ ವಸ್ತುವನ್ನು ಹೆಸರು ಬದಲಿಸಿ ಕಾಲಿನ ಕೆಳಗೆ ಇಟ್ಟುಕೊಂಡು ಹೋದಂತೆ. ನಾಳೆ ಬರುತ್ತೇನೆ ಎಂದು ಹೇಳಿ, ಬ್ಯಾಟರಿಯನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ಆ ರಾತ್ರಿ ಓದಿದ್ದು 2010ರ ಸೆಪ್ಟೆಂಬರ್ 3ರ ದುಬೈ ಅಪಘಾತದ ಬಗ್ಗೆ. ಯುಪಿಎಸ್ ಸಂಸ್ಥೆಯ ಬೋಯಿಂಗ್ 747 ಸರಕು ವಿಮಾನ ಹಾಂಗ್‌ಕಾಂಗ್‌ನಿಂದ ಬಂದು ದುಬೈಯಲ್ಲಿ ನಿಂತು ಜರ್ಮನಿಯ ಕಲೋನ್‌ಗೆ ಹೊರಟಿತ್ತು. ಹಾರಿ ಸುಮಾರು 22 ನಿಮಿಷಕ್ಕೆ ಬೆಂಕಿಯ ಎಚ್ಚರಿಕೆ ಗಂಟೆ. ದುಬೈಗೇ ಹಿಂತಿರುಗಲು ಪೈಲಟ್‌ಗಳು ತಿರುಗಿಸಿದರು. ಕ್ಷಣಗಳಲ್ಲಿ ಕಾಕ್‌ಪಿಟ್ ತುಂಬ ಹೊಗೆ. ಕ್ಯಾಪ್ಟನ್‌ನ ಆಮ್ಲಜನಕದ ಪೂರೈಕೆ ನಿಂತುಹೋಯಿತು. ಅವರು ಸೀಟು ಬಿಟ್ಟು ಹಿಂದಕ್ಕೆ ಹೋದವರು ಮರಳಲಿಲ್ಲ. ಉಳಿದ ಫಸ್ಟ್ ಆಫೀಸರ್‌ಗೆ ಮುಂದಿನ ಮೀಟರುಗಳೇ ಕಾಣುತ್ತಿರಲಿಲ್ಲ, ರೇಡಿಯೊ ತರಂಗ ಬದಲಿಸಲೂ ಆಗಲಿಲ್ಲ. ಸುತ್ತ ಹಾರುತ್ತಿದ್ದ ಬೇರೆ ವಿಮಾನಗಳ ಪೈಲಟ್‌ಗಳು ಅವರ ಮಾತನ್ನು ಕೇಳಿ ಕೆಳಗಿನವರಿಗೆ ದಾಟಿಸಿ, ಕೆಳಗಿನವರ ಉತ್ತರವನ್ನು ಅವರಿಗೆ ಹೇಳುತ್ತಿದ್ದರು: ನಿಮ್ಮ ಎತ್ತರ ಇಷ್ಟು, ವೇಗ ಇಷ್ಟು, ಎಡಕ್ಕೆ ತಿರುಗಿ ಎಂದು. ವಿಮಾನ ನಗರದ ಹೊರಗೆ ಬಿತ್ತು. ಇಬ್ಬರೂ ಉಳಿಯಲಿಲ್ಲ.

ಬೆಂಕಿ ಎದ್ದದ್ದು ಲಿಥಿಯಂ ಬ್ಯಾಟರಿಗಳಿದ್ದ ಸರಕಿನ ಭಾಗದಲ್ಲಿ. ತನಿಖೆಯಲ್ಲಿ ಕಂಡ ಇನ್ನೊಂದು ಸಂಗತಿ ನನ್ನನ್ನು ನಿದ್ದೆಗೆ ಬಿಡಲಿಲ್ಲ. ಆ ಸರಕಿನಲ್ಲಿ ಅಪಾಯಕಾರಿ ವಸ್ತು ಎಂದು ಘೋಷಿಸಬೇಕಿದ್ದ ಕೆಲವು ಬ್ಯಾಟರಿ ರವಾನೆಗಳು ಹಾಗೆ ಘೋಷಣೆಯಾಗಿರಲಿಲ್ಲ. ಯಾವನೋ ಒಬ್ಬ, ಯಾವುದೋ ಕೌಂಟರಿನಲ್ಲಿ, ಪೆನ್ನು ಹಿಡಿದು ಏನೋ ಬರೆದಿರಬೇಕು. ನನ್ನಂಥವನೇ.

ಲಿಥಿಯಂ ಬೆಂಕಿ ಬೇರೆ ಬೆಂಕಿಯಂತಲ್ಲ. ಸೆಲ್ಲಿನೊಳಗೆ ಧನ ಮತ್ತು ಋಣ ಪದರಗಳ ನಡುವೆ ಪ್ಲಾಸ್ಟಿಕಿನ ತೆಳು ಪರದೆ ಇರುತ್ತದೆ. ಪೆಟ್ಟು ಬಿದ್ದು, ತಯಾರಿಕೆಯ ದೋಷದಿಂದ, ಅಥವಾ ಹೆಚ್ಚು ಬಿಸಿಯಾಗಿ ಅದು ಹರಿದರೆ ಒಳಗೇ ಶಾರ್ಟ್ ಆಗುತ್ತದೆ. ಬಿಸಿಗೆ ರಾಸಾಯನಿಕ ಕ್ರಿಯೆ ಹೆಚ್ಚುತ್ತದೆ, ಆ ಕ್ರಿಯೆಯಿಂದ ಇನ್ನಷ್ಟು ಬಿಸಿ ಹುಟ್ಟುತ್ತದೆ. ಒಂದು ಸೆಲ್ ಹೊತ್ತಿದರೆ ಪಕ್ಕದ್ದು ಕಾದು ಹೊತ್ತುತ್ತದೆ, ಅದರ ಪಕ್ಕದ್ದು ಮತ್ತೆ. ಪ್ರಯಾಣಿಕರ ವಿಮಾನದ ಸರಕಿನ ಕೋಣೆಯಲ್ಲಿ ಬೆಂಕಿ ನಂದಿಸಲು ಸಾಮಾನ್ಯವಾಗಿ ಇರುವುದು ಹ್ಯಾಲಾನ್ ಅನಿಲ. ಅದು ಜ್ವಾಲೆಯನ್ನು ಅಡಗಿಸುತ್ತದೆ, ಆದರೆ ಸೆಲ್ಲನ್ನು ತಣಿಸುವುದಿಲ್ಲ. ತಣಿಯದಿದ್ದರೆ ಸರಪಳಿ ನಿಲ್ಲುವುದಿಲ್ಲ. ಪವರ್ ಬ್ಯಾಂಕನ್ನು ಚೆಕ್-ಇನ್ ಚೀಲದಲ್ಲಿ ಹಾಕಬೇಡಿ, ಕೈಯಲ್ಲೇ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ. ಮೇಲೆ ಹೊತ್ತಿದರೆ ಕಾಣುತ್ತದೆ, ಸಿಬ್ಬಂದಿ ನೀರು ಹಾಕಿ ತಣಿಸಬಹುದು. ಕೆಳಗೆ ಹೊತ್ತಿದರೆ ಹೋಗಿ ನೋಡುವವರು ಯಾರೂ ಇಲ್ಲ. ಊರಿಗೆ ಹೋಗುವಾಗ ನಾನೇ ಒಂದೆರಡು ಸಲ ಪವರ್ ಬ್ಯಾಂಕನ್ನು ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ತುರುಕಿದ್ದೇನೆ. ಒಮ್ಮೆ ಭದ್ರತೆಯವರು ಕರೆದು ತೆಗೆಸಿದಾಗ ಗೊಣಗಿದ್ದೂ ಇದೆ.

2016ರ ಏಪ್ರಿಲ್ 1ರಿಂದ, ಬರೀ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ನಿಷೇಧಿಸಿತು. ಸರಕು ವಿಮಾನದಲ್ಲಾದರೂ ಚಾರ್ಜ್ 30 ಶೇಕಡಾ ಮೀರಬಾರದು ಎಂದಿತು. ಒಳಗೆ ಶಕ್ತಿ ಕಡಿಮೆ ಇದ್ದಷ್ಟೂ ಸರಪಳಿ ಹಬ್ಬುವ ಸಾಧ್ಯತೆ ಕಡಿಮೆ.

ಓದುತ್ತ ಹೋದಾಗ ಒಂದು ವಿನಾಯಿತಿ ಕಣ್ಣಿಗೆ ಬಿತ್ತು, ಒಂದು ಕ್ಷಣ ಆಸೆಯೂ ಹುಟ್ಟಿತು. ನಡೆಯಲು ಕಷ್ಟವಿರುವ ಪ್ರಯಾಣಿಕರ ಬ್ಯಾಟರಿ ಗಾಲಿಕುರ್ಚಿಗೆ, ಬಿಚ್ಚಬಹುದಾದ ಬ್ಯಾಟರಿಯಾದರೆ, 300 ವ್ಯಾಟ್-ಅವರ್‌ವರೆಗೂ ಅವಕಾಶವಿದೆ. ಮೊಣಕಾಲು ನೋಯುವ ಅಪ್ಪನಿಗೆ ಈ ಸೈಕಲ್ಲೂ ಕಾಲಿನಂತೆಯೇ ಅಲ್ಲವೆ? ನನ್ನದು 374 ಎಂಬುದನ್ನು ಮರೆತು ಕೆಲ ಹೊತ್ತು ಹೀಗೆ ವಾದಿಸಿಕೊಂಡೆ. ಮನೆಯಾಕೆ ಒಂದೇ ಮಾತು ಹೇಳಿದಳು: "ಗಾಲಿಕುರ್ಚಿಯವರು ಅದನ್ನು ಬಿಟ್ಟು ವಿಮಾನ ಇಳಿದರೆ ಎಲ್ಲಿಗೂ ಹೋಗಲಾಗುವುದಿಲ್ಲ. ನಿಮ್ಮ ಅಪ್ಪ ವಿಮಾನದಲ್ಲೇ ಇಲ್ಲ." ಸರಿಯೇ. ಗಾಲಿಕುರ್ಚಿಯ ವಿಷಯದಲ್ಲಿ ಮುಂಚೆಯೇ ತಿಳಿಸಿ ಒಪ್ಪಿಗೆ ಪಡೆಯಬೇಕು, ತಂತಿಯ ತುದಿಗಳನ್ನು ಮುಚ್ಚಬೇಕು, ಬ್ಯಾಟರಿಯನ್ನು ಕ್ಯಾಬಿನ್‌ಗೆ ತರಬೇಕು, ಅದು ಎಲ್ಲಿದೆ ಎಂದು ಪೈಲಟ್‌ಗೆ ತಿಳಿಸಬೇಕು. ಅಲ್ಲಿ ಅಪಾಯವನ್ನು ಹೆಸರಿಟ್ಟು ಕರೆದು ಒಳಗೆ ಬಿಟ್ಟುಕೊಳ್ಳುತ್ತಾರೆ. ನಾನು ಹೊರಟದ್ದು ಹೆಸರು ಮುಚ್ಚಿ ಕಳಿಸಲು.

ಮರುದಿನ ಕೊರಿಯರ್ ಅಂಗಡಿಗೆ ಹೋಗಲಿಲ್ಲ. ಸೈಕಲ್ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಬ್ಯಾಟರಿಯನ್ನು ಅದರದೇ ಡಬ್ಬದಲ್ಲಿ ಅಪಾಯದ ಗುರುತಿನ ಚೀಟಿ ಹಚ್ಚಿ, ಲಾರಿಯಲ್ಲಿ ರಸ್ತೆ ಮೂಲಕವೇ ಮಂಗಳೂರಿನ ಡೀಲರಿಗೆ ಕಳಿಸುತ್ತೇವೆ, ಎರಡು ವಾರ ಹಿಡಿಯಬಹುದು ಎಂದರು. ಚಾರ್ಜ್ ಮೂರನೇ ಒಂದಕ್ಕೆ ಇಳಿಸಿ ಕೊಟ್ಟು ಬಂದೆ. ಎರಡು ವಾರವೆಂದರೆ ನನ್ನ ರಜೆ ಮುಗಿದು ಎಷ್ಟೋ ದಿನವಾಗಿರುತ್ತದೆ. ಅಪ್ಪ ಮೊದಲ ಸಲ ಏರು ಹತ್ತುವುದನ್ನು ನೋಡಬೇಕೆಂದೇ ಇಷ್ಟೆಲ್ಲ ಹೊರಟದ್ದು. ಅದು ಕೈಬಿಟ್ಟಿತು.

ಇನ್ನು ಸೈಕಲ್ ಕಟ್ಟಿದ ಕತೆ. ಇದೇ ಯೋಚನೆಯಲ್ಲಿರುವವರಿಗೆ ಉಪಯೋಗವಾಗಬಹುದು. ವಿಮಾನ ಸಂಸ್ಥೆಗೆ ಮೇಲ್ ಮಾಡಿ, ಬ್ಯಾಟರಿ ಇಲ್ಲದಿದ್ದರೆ ಸಾಮಾನ್ಯ ಸೈಕಲ್ ಎಂದೇ ಪರಿಗಣಿಸುತ್ತೇವೆ ಎಂಬ ಉತ್ತರವನ್ನು ಬರಹದಲ್ಲಿ ತರಿಸಿಕೊಂಡೆ. ಎಲ್ಲರೂ ಹಾಗೆ ಒಪ್ಪುವುದಿಲ್ಲ, ಆದ್ದರಿಂದ ಫೋನಿನ ಮಾತು ನಂಬಬೇಡಿ. ಡಬ್ಬ ಯಾವುದಾದರೂ ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ, ಹೊಸ ಸೈಕಲ್ ಬಂದ ಖಾಲಿ ರಟ್ಟಿನದ್ದು. ಪೆಡಲ್ ಬಿಚ್ಚುವಾಗ ಎಡಗಡೆಯದಕ್ಕೆ ಉಲ್ಟಾ ಮರೆ ಇರುತ್ತದೆ. ಅದನ್ನು ಮರೆತು ನಾನು ಅರ್ಧ ಗಂಟೆ ಬಿಗಿ ಮಾಡುತ್ತಲೇ ಇದ್ದೆ. ಮುಂದಿನ ಚಕ್ರ ತೆಗೆದು, ಹ್ಯಾಂಡಲ್ ತಿರುಗಿಸಿ, ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿ, ಮೋಟರಿನ ಕನೆಕ್ಟರುಗಳಿಗೆ ಟೇಪು ಸುತ್ತಿದೆ. ಟೈರಿನ ಗಾಳಿ ಇಳಿಸಲು ಹೇಳುತ್ತಾರೆ. ಸರಕಿನ ಕೋಣೆಯಲ್ಲೂ ಕ್ಯಾಬಿನ್ನಿನಷ್ಟೇ ಒತ್ತಡವಿರುವುದರಿಂದ ಟೈರ್ ಒಡೆಯುವುದಿಲ್ಲ. ಆದರೂ ಅಲ್ಲಿ ನಿಂತು ವಾದ ಮಾಡುವುದಕ್ಕಿಂತ ಮನೆಯಲ್ಲೇ ಇಳಿಸಿ ಹೋಗುವುದು ಸುಲಭ. ಬ್ಯಾಟರಿ ಕೂರುವ ಜಾಗ ಖಾಲಿ ಇರುವುದು ಎದ್ದು ಕಾಣುವಂತೆ ಫೋಟೊ ತೆಗೆದು ಡಬ್ಬದ ಮೇಲೆ ಅಂಟಿಸಿದೆ. ಇಷ್ಟೆಲ್ಲ ಮಾಡಿದ ಮೇಲೂ ಇಪ್ಪತ್ತೊಂದು ಕಿಲೊ. ಜೊತೆಗೆ ಬಟ್ಟೆಯ ಚೀಲ. ಹೆಚ್ಚಿನ ತೂಕಕ್ಕೆ ಕೊಟ್ಟದ್ದು ಟಿಕೆಟಿನ ಅರ್ಧದಷ್ಟಾಯಿತು. ಹುಬ್ಬಳ್ಳಿ, ಶಿವಮೊಗ್ಗದ ಕಡೆಗೆ ಎಟಿಆರ್‌ನಂಥ ಸಣ್ಣ ವಿಮಾನದಲ್ಲಿ ಹೋಗುವವರಾದರೆ ಡಬ್ಬದ ಅಳತೆಯನ್ನೂ ಮೊದಲೇ ಕೇಳಿಕೊಳ್ಳಿ. ಅದರ ಸರಕಿನ ಬಾಗಿಲು ಚಿಕ್ಕದು.

ದೆಹಲಿಯ ವಿಮಾನ ನಿಲ್ದಾಣದಲ್ಲಿ ದೊಡ್ಡ ಸಾಮಾನಿನ ಎಕ್ಸ್-ರೇ ಮುಂದೆ ಡಬ್ಬ ನಿಂತುಬಿಟ್ಟಿತು. ತೆರೆಯ ಮೇಲೆ ಹಿಂದಿನ ಚಕ್ರದ ನಡುವೆ ತಾಮ್ರದ ಸುರುಳಿ ಕಪ್ಪಾಗಿ, ದುಂಡಗೆ ಕಾಣುತ್ತಿತ್ತು. ಭದ್ರತಾ ಸಿಬ್ಬಂದಿ ಏನಿದು ಎಂದರು. ಮೋಟರ್ ಎಂದೆ. "ಬ್ಯಾಟರಿ ಎಲ್ಲಿ?" ಎಂದರು. ಲಾರಿಯಲ್ಲಿದೆ ಎಂದೆ. ಅವರು ಡಬ್ಬದ ಮೇಲಿನ ಫೋಟೊ ನೋಡಿದರು, ಮೇಲ್ ಓದಿದರು, ಆದರೂ ಬಿಚ್ಚಿಸಿ ಕೈಹಾಕಿ ನೋಡಿದರು. ಮತ್ತೆ ಟೇಪು ಸುತ್ತಲು ಅವರೇ ಹಿಡಿದುಕೊಂಡು ನೆರವಾದರು. ಇದು ಯಾರಿಗೆ ಎಂದು ಕೇಳಿದರು. ಅಪ್ಪನಿಗೆ ಎಂದೆ. ತಮ್ಮ ತಂದೆಯದೂ ಮೊಣಕಾಲಿನ ತೊಂದರೆಯೇ ಎಂದು ಹೇಳಿ, ಬೆಲೆ ಎಷ್ಟು ಎಂದು ವಿಚಾರಿಸಿಕೊಂಡರು.

ಬಜ್ಪೆಯಲ್ಲಿ ಡಬ್ಬದ ಒಂದು ಮೂಲೆ ಜಜ್ಜಿಹೋಗಿತ್ತು, ಒಳಗೆ ಏನೂ ಆಗಿರಲಿಲ್ಲ. ಪಕ್ಕದ ಮನೆಯವರ ಓಮ್ನಿಯಲ್ಲಿ ಮನೆಗೆ ಬಂದೆವು. ಅಂಗಳದಲ್ಲಿ ಜೋಡಿಸಿ ನಿಲ್ಲಿಸಿದಾಗ ಅಪ್ಪ ಸುತ್ತು ಬಂದು ನೋಡಿ ಬೆಲ್ ಹೊಡೆದರು. ಆ ಸಂಜೆಯೇ ಹತ್ತಿದರು. ಗೇಟಿನ ತನಕ ಹೋಗಿ ಬಂದು, "ಎಂತ ಮಾರಾಯ, ಇದು ಸೈಕಲ್ಲಾ ಎಮ್ಮೆಯಾ?" ಎಂದರು. ಬ್ಯಾಟರಿ ಇಲ್ಲದ ಎಲೆಕ್ಟ್ರಿಕ್ ಸೈಕಲ್ ಮೋಟರಿನ ಭಾರವನ್ನೂ ಎಳೆಯುವ ಸೈಕಲ್. ಬ್ಯಾಟರಿ ಬರಲಿ, ಆಮೇಲೆ ನೋಡಿ ಎಂದೆ. "ನೀನು ಇರುವಾಗಲೇ ಬರ್ತದಾ?" ಇಲ್ಲ ಎಂದೆ. ಅವರು ಏನೂ ಹೇಳಲಿಲ್ಲ, ಹಳೆಯ ಬಟ್ಟೆ ತಂದು ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸುತ್ತ ಕೂತರು. ಉಳಿದ ದಿನಗಳಲ್ಲಿ ಸ್ವಿಚ್ಚು ಎಲ್ಲಿ, ಬ್ರೇಕ್ ಹಿಡಿದರೆ ಮೋಟರ್ ಹೇಗೆ ನಿಲ್ಲುತ್ತದೆ ಎಂದು ಒಣ ಪಾಠ ಮಾಡಿದೆ. ಮೇಷ್ಟ್ರಿಗೆ ಪಾಠ. ಅವರು ಅದನ್ನು ಒಂದು ಹಳೆಯ ಡೈರಿಯಲ್ಲಿ ಬರೆದುಕೊಂಡರು.

ನಾನು ನೊಯ್ಡಾಕ್ಕೆ ಮರಳಿ ಎಂಟನೆಯ ದಿನ ಡೀಲರಿನ ಫೋನು ಬಂತು. ಓಮ್ನಿಯವರಿಗೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಅಪ್ಪ ಬಸ್ಸು ಹತ್ತಿ ಮಂಗಳೂರಿಗೆ ಹೋಗಿಬಿಟ್ಟಿದ್ದರು. ಮೂರು ಕಿಲೊದ ಡಬ್ಬವನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದರಂತೆ. ಕೆಳಗೆ ಇಡಿ ಎಂದ ಕಂಡಕ್ಟರನಿಗೆ, ಇದು ವಿಮಾನದವರೂ ಬೇಡ ಎಂದದ್ದು ಎಂದು ಹೇಳಿದರಂತೆ. ಅವನು ಪಕ್ಕದ ಸೀಟು ಖಾಲಿ ಮಾಡಿಸಿದ ಎಂದು ನಗುತ್ತ ಹೇಳಿದರು.

ಮರುದಿನ ಬೆಳಿಗ್ಗೆ ಏಳೂವರೆಗೆ ಫೋನು. ಹಿನ್ನೆಲೆಯಲ್ಲಿ ಹಾಲಿನ ಕ್ಯಾನುಗಳ ಸದ್ದು.

"ಎರಡನೇ ಏರಿನಲ್ಲೂ ಇಳಿಯಲಿಲ್ಲ," ಎಂದರು. ನಂತರ ಯಾರೋ ಕರೆದರು, ಫೋನು ಇಟ್ಟರು.

ಮಧ್ಯಾಹ್ನ ಅಮ್ಮನ ಫೋನು. ಬ್ಯಾಟರಿಯನ್ನು ಅಡುಗೆ ಕೋಣೆಯ ಪ್ಲಗ್ಗಿನಲ್ಲಿ ಚಾರ್ಜಿಗೆ ಇಟ್ಟಿದ್ದಾರೆ, ಮಿಕ್ಸಿ ಹಾಕಲಿಕ್ಕಾಗುವುದಿಲ್ಲ ಎಂದು ದೂರು. ಅಪ್ಪನನ್ನು ಫೋನಿಗೆ ಕರೆಸಿ, ಒಲೆಯ ಹತ್ತಿರ ಬೇಡ, ಜಗಲಿಯಲ್ಲಿ ಸಿಮೆಂಟು ನೆಲದ ಮೇಲೆ ಇಡಿ, ಪಕ್ಕದಲ್ಲಿ ಗೋಣಿ, ಪೇಪರು ಇರಬಾರದು, ಬಿದ್ದು ಏಟಾದರೆ ಮತ್ತೆ ಚಾರ್ಜ್ ಮಾಡದೆ ನನಗೆ ಹೇಳಿ ಎಂದೆ. ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು. ಮುಖ್ಯವಾಗಿ ರಾತ್ರಿ ಚಾರ್ಜಿಗೆ ಹಾಕಿ ಮಲಗಬೇಡಿ ಎಂದೆ.

"ರಾತ್ರಿ ಇಲ್ಲಿ ಕರೆಂಟು ಎಲ್ಲಿರ್ತದೆ ಮಾರಾಯ?" ಎಂದರು.